ಹೊಲದಲ್ಲೇ ಕ್ವಿಂಟಲ್ ಲೆಕ್ಕ

ಮೆಕ್ಕೆಜೋಳದ ಇಳುವರಿ ಮೂರು ಸಂಖ್ಯೆಗಳ ಗುಣಾಕಾರ: ಎಕರೆಗೆ ಎಷ್ಟು ತೆನೆ, ತೆನೆಗೆ ಎಷ್ಟು ಕಾಳು, ಕಾಳಿಗೆ ಎಷ್ಟು ತೂಕ. ಈ ಪೈಕಿ ಮೊದಲ ಎರಡನ್ನು ಕಟಾವಿಗೆ ಸುಮಾರು ಒಂದೂವರೆ ತಿಂಗಳ ಮೊದಲೇ ಹೊಲದಲ್ಲಿ ನಿಂತು ಎಣಿಸಬಹುದು. ಮೂರನೆಯದನ್ನು ಮಾತ್ರ ಊಹಿಸಬೇಕು. ಕಟಾವಿಗೆ ಮುನ್ನ ಇಳುವರಿ ಅಂದಾಜು ಮಾಡುವ ಎಲ್ಲ ವಿಧಾನಗಳೂ, ರೈತರು ಕೈಯಲ್ಲಿ ಟೇಪು ಹಿಡಿದು ಮಾಡುವ ಲೆಕ್ಕದಿಂದ ಉಪಗ್ರಹ ಚಿತ್ರಗಳ ವಿಶ್ಲೇಷಣೆಯವರೆಗೆ, ಈ ಮೂರು ಸಂಖ್ಯೆಗಳನ್ನು ಒಂದಲ್ಲ ಒಂದು ಬಗೆಯಲ್ಲಿ ಹಿಡಿಯುವ ಪ್ರಯತ್ನಗಳೇ.

ದಾವಣಗೆರೆ, ಹಾವೇರಿ, ಶಿವಮೊಗ್ಗ, ಚಿತ್ರದುರ್ಗ, ಬೆಳಗಾವಿ ಮೊದಲಾದ ಜಿಲ್ಲೆಗಳಲ್ಲಿ ಮುಂಗಾರಿನ ದೊಡ್ಡ ಬೆಳೆ ಮೆಕ್ಕೆಜೋಳ. ಅದರ ಬಹುಪಾಲು ಊಟದ ತಟ್ಟೆಗೆ ಬರದೆ ಕೋಳಿ ಆಹಾರ, ಪಿಷ್ಟ ಮತ್ತು ಎಥೆನಾಲ್ ಕಾರ್ಖಾನೆಗಳಿಗೆ ಹೋಗುತ್ತದೆ. ಹಾಗಾಗಿ ಬೆಳೆ ಹೊಲದಲ್ಲಿರುವಾಗಲೇ ಅದರ ಲೆಕ್ಕ ಹಲವರಿಗೆ ಬೇಕಾಗುತ್ತದೆ. ಚೀಲ ಎಷ್ಟು ಬೇಕು, ಸುಲಿಯುವ ಯಂತ್ರವನ್ನು ಎಷ್ಟು ಹೊತ್ತಿಗೆ ಗೊತ್ತು ಮಾಡಬೇಕು, ಒಣಗಿಸಲು ಎಷ್ಟು ಕಣ ಸಾಕು ಎಂಬುದು ರೈತರ ಪ್ರಶ್ನೆ. ಮಾರುಕಟ್ಟೆಗೆ ಎಷ್ಟು ಆವಕ ಬಂದೀತು ಎಂಬುದು ವರ್ತಕರ ಪ್ರಶ್ನೆ. ಖರೀದಿ ಕೇಂದ್ರ ತೆರೆಯಬೇಕೆ, ವಿಮೆ ಪರಿಹಾರ ಕೊಡಬೇಕೆ ಎಂಬುದು ಸರ್ಕಾರದ ಪ್ರಶ್ನೆ.

ಮೂರು ಸಂಖ್ಯೆ, ಮೂರು ಕಾಲ

ಎಕರೆಗೆ ಎಷ್ಟು ತೆನೆ ಎಂಬುದು ಬಹುಮಟ್ಟಿಗೆ ಬಿತ್ತನೆಯಲ್ಲೇ ತೀರ್ಮಾನವಾಗುತ್ತದೆ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರವಿದ್ದರೆ ಎಕರೆಗೆ ಸುಮಾರು 22,500 ಗಿಡ ಹಿಡಿಯುತ್ತವೆ. ಗಿಡದ ಅಂತರ 20 ಸೆಂ.ಮೀ. ಆದರೆ ಸುಮಾರು 33,700. ಮೊಳಕೆಯಲ್ಲಿ ಸತ್ತವು, ಕಾಂಡ ಕೊಳೆತವು, ತೆನೆ ಕಟ್ಟದೆ ಬರಡಾಗಿ ನಿಂತವು ಇದರಲ್ಲಿ ಕಳೆದುಹೋಗುತ್ತವೆ.

ತೆನೆಯ ಸುತ್ತ ಎಷ್ಟು ಸಾಲು ಕಾಳು ಕೂರಬೇಕು ಎಂಬುದು ಬಿತ್ತಿದ ತಿಂಗಳೊಪ್ಪತ್ತಿನಲ್ಲೇ, ತೆನೆ ಕಣ್ಣಿಗೆ ಕಾಣುವ ಮೊದಲೇ, ಗಿಡದೊಳಗೆ ನಿಗದಿಯಾಗುತ್ತದೆ. ಇದು ಹೆಚ್ಚಾಗಿ ತಳಿಯ ಗುಣ. ಹೆಣ್ಣು ಹೂಗಳು ಜೋಡಿಜೋಡಿಯಾಗಿ ಮೂಡುವುದರಿಂದ ಸಾಲುಗಳ ಸಂಖ್ಯೆ ಸಾಮಾನ್ಯವಾಗಿ 12, 14, 16 ಹೀಗೆ ಸಮಸಂಖ್ಯೆಯಲ್ಲೇ ಇರುತ್ತದೆ. 13 ಬಂದರೆ ಎಣಿಕೆ ತಪ್ಪಿರುವ ಸಂಭವವೇ ಹೆಚ್ಚು.

ಒಂದೊಂದು ಸಾಲಿನಲ್ಲಿ ಎಷ್ಟು ಕಾಳು ನಿಲ್ಲುತ್ತವೆ ಎಂಬುದು ಮಳೆಯನ್ನು ಅವಲಂಬಿಸಿದ ಮಾತು. ತೆನೆಯಿಂದ ಹೊರಬರುವ ರೇಷ್ಮೆಯಂಥ ಒಂದೊಂದು ಎಳೆಯೂ ಒಂದೊಂದು ಕಾಳಿನದು. ಗಿಡದ ತುದಿಯ ಗಂಡು ಹೂಗೊಂಚಲಿನಿಂದ ಉದುರಿದ ಪರಾಗ ಆ ಎಳೆಯನ್ನು ಮುಟ್ಟಿದರಷ್ಟೇ ಕಾಳು ಕಟ್ಟುತ್ತದೆ. ಈ ಹೊತ್ತಿನಲ್ಲಿ ತೇವದ ಕೊರತೆಯಾದರೆ ಎಳೆ ಹೊರಬರುವುದು ತಡವಾಗುತ್ತದೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಕಟ್ಟಿದ ಕಾಳುಗಳೂ ಮುಂದಿನ ಎರಡು ಮೂರು ವಾರ ಭದ್ರವಲ್ಲ. ಆಹಾರ ಸಾಲದೆ ಹೋದರೆ ಗಿಡ ತುದಿಯ ಕಾಳುಗಳನ್ನು ಮೊದಲು ಕೈಬಿಡುತ್ತದೆ. ಬರದ ವರ್ಷ ತೆನೆಯ ತುದಿ ಬೋಳಾಗಿರುವುದು ಇದರಿಂದಲೇ.

ಕಾಳಿನ ತೂಕ ಎಲ್ಲಕ್ಕಿಂತ ಕೊನೆಗೆ ತೀರ್ಮಾನವಾಗುತ್ತದೆ. ಎಳೆ ಹೊರಬಂದ 18ರಿಂದ 22 ದಿನಕ್ಕೆ ಕಾಳು ಹಾಲು ತುಂಬಿಕೊಳ್ಳುತ್ತದೆ, 35ರಿಂದ 42 ದಿನಕ್ಕೆ ಅದರ ನೆತ್ತಿಯಲ್ಲಿ ಕುಳಿ ಬೀಳುತ್ತದೆ, 55ರಿಂದ 65 ದಿನಕ್ಕೆ ಬುಡದಲ್ಲಿ ಕಪ್ಪು ಪದರ ಮೂಡುತ್ತದೆ. ಕಪ್ಪು ಪದರ ಕಂಡ ಮೇಲೆ ಕಾಳಿಗೆ ಗಿಡದಿಂದ ಏನೂ ಹರಿಯುವುದಿಲ್ಲ. ಆಮೇಲೆ ಆಗುವುದು ಒಣಗುವುದಷ್ಟೇ.

ಹಾಲುಗಾಳಿನ ಎಣಿಕೆ

ಕಾಳು ಉದುರಿಹೋಗುವ ಅಪಾಯ ಹಾಲುಗಾಳಿನ ಹಂತದ ಹೊತ್ತಿಗೆ ಬಹುಮಟ್ಟಿಗೆ ಕಳೆದಿರುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ರೂಪಿಸಿ ಮೆಕ್ಕೆಜೋಳ ಬೆಳೆಯುವ ನಾಡುಗಳಿಗೆಲ್ಲ ಹರಡಿದ ಎಣಿಕೆಯ ವಿಧಾನ ಇಲ್ಲಿಂದ ಶುರುವಾಗುತ್ತದೆ. ಎಕರೆಯ ಸಾವಿರದಲ್ಲೊಂದು ಪಾಲನ್ನು ಅಳೆದು ಅಲ್ಲಿನ ತೆನೆಗಳನ್ನು ಎಣಿಸಿದರೆ, ಆ ಸಂಖ್ಯೆಗೆ ಮೂರು ಸೊನ್ನೆ ಸೇರಿಸಿದಾಗ ಎಕರೆಯ ತೆನೆಗಳ ಲೆಕ್ಕ ಸಿಗುತ್ತದೆ ಎಂಬುದು ಇದರ ಅನುಕೂಲ.

ಎಕರೆಯ ಸಾವಿರದಲ್ಲೊಂದು ಪಾಲು ಎಂದರೆ 4.047 ಚದರ ಮೀಟರ್. ಸಾಲಿನ ಅಂತರ 60 ಸೆಂ.ಮೀ. ಇದ್ದರೆ ಒಂದೇ ಸಾಲಿನಲ್ಲಿ 6.74 ಮೀಟರ್ ಉದ್ದ ಅಳೆಯಬೇಕು, 45 ಸೆಂ.ಮೀ. ಇದ್ದರೆ 8.99 ಮೀಟರ್. ಅಡಿಯ ಲೆಕ್ಕದಲ್ಲಿ ಎರಡು ಅಡಿ ಸಾಲಿಗೆ 21 ಅಡಿ 9 ಅಂಗುಲ. ಸಾಲಿನ ಅಂತರವನ್ನು ಕೂರಿಗೆಯ ಲೆಕ್ಕದಿಂದ ಹಾಗೇ ತೆಗೆದುಕೊಳ್ಳದೆ ಹೊಲದಲ್ಲೇ ನೋಡಬೇಕು. ಒಂದನೇ ಸಾಲಿನಿಂದ ಹನ್ನೊಂದನೇ ಸಾಲಿನವರೆಗೆ ಅಳೆದು ಹತ್ತರಿಂದ ಭಾಗಿಸಿದರೆ ನಿಜವಾದ ಅಂತರ ಸಿಗುತ್ತದೆ. 55 ಸೆಂ.ಮೀ. ಇರುವುದನ್ನು 60 ಎಂದುಕೊಂಡರೆ ಕೊನೆಯ ಲೆಕ್ಕದಲ್ಲಿ ಶೇ 8ಕ್ಕೂ ಹೆಚ್ಚು ಇಳುವರಿ ಕಡಿಮೆ ಕಾಣುತ್ತದೆ.

ಅಳೆದ ಉದ್ದದಲ್ಲಿ ಗಿಡಗಳನ್ನಲ್ಲ, ಕಾಳು ತುಂಬಿದ ತೆನೆಗಳನ್ನು ಎಣಿಸಬೇಕು. ಒಂದೇ ಗಿಡದಲ್ಲಿ ಎರಡು ಒಳ್ಳೆಯ ತೆನೆಗಳಿದ್ದರೆ ಎರಡನ್ನೂ ಹಿಡಿಯಬೇಕು. ಬೆರಳುದ್ದದ ಹೊಟ್ಟು ತೆನೆಯನ್ನು ಬಿಡಬೇಕು. ಬಳಿಕ ಪ್ರತಿ ಐದನೇ ತೆನೆಯ ಸಿಪ್ಪೆ ಸರಿಸಿ ಸುತ್ತಿನ ಸಾಲುಗಳನ್ನೂ ಒಂದು ಸಾಲಿನ ಕಾಳುಗಳನ್ನೂ ಎಣಿಸಬೇಕು. ಬುಡದಲ್ಲಿ ಸಾಲು ಕೆಟ್ಟು ದಪ್ಪಗಾದ ಕಾಳುಗಳನ್ನೂ ತುದಿಯಲ್ಲಿ ಅರ್ಧ ಗಾತ್ರಕ್ಕಿಂತ ಚಿಕ್ಕದಾದವನ್ನೂ ಲೆಕ್ಕಕ್ಕೆ ಸೇರಿಸುವುದಿಲ್ಲ. ಐದನೆಯದೇ ಯಾಕೆಂದರೆ, ಆಯ್ಕೆಯನ್ನು ಕಣ್ಣಿಗೆ ಬಿಟ್ಟರೆ ಕೈ ತಾನಾಗಿ ದೊಡ್ಡ ತೆನೆಯತ್ತ ಹೋಗುತ್ತದೆ. ಐದನೆಯದು ಹುಳ ತಿಂದದ್ದಾದರೂ ಅದನ್ನೇ ಎಣಿಸಬೇಕು.

ಒಂದು ಉದಾಹರಣೆ. ಅಳೆದ ಸಾಲಿನಲ್ಲಿ 22 ತೆನೆ. ತೆನೆಗೆ ಸರಾಸರಿ 14 ಸಾಲು. ಸಾಲಿಗೆ 32 ಕಾಳು. ತೆನೆಗೆ 448 ಕಾಳು, ಎಕರೆಗೆ 98,56,000 ಕಾಳು. ಸಾವಿರ ಕಾಳಿಗೆ 280 ಗ್ರಾಂ ತೂಕವೆಂದು ಹಿಡಿದರೆ ಎಕರೆಗೆ 27.6 ಕ್ವಿಂಟಲ್.

ಎಲ್ಲಿ ನಿಂತು ಎಣಿಸಬೇಕು

ಗುಣಾಕಾರದಲ್ಲಿ ಆಗುವ ತಪ್ಪಿಗಿಂತ ಜಾಗದ ಆಯ್ಕೆಯಲ್ಲಿ ಆಗುವ ತಪ್ಪು ದೊಡ್ಡದು. ದಾರಿಯ ಬದಿಯ ಬೆಳೆ ಕೈಗೆ ಸಿಗುತ್ತದೆ, ಆದರೆ ಅಂಚಿನ ಗಿಡಗಳಿಗೆ ಬಿಸಿಲು, ಗಾಳಿ ಹೆಚ್ಚು. ಬದುವಿನ ಮರದ ನೆರಳಿದ್ದರೆ ಕಡಿಮೆ. ಎರಡೂ ಹೊಲದ ಒಳಗಿನ ಸ್ಥಿತಿಯನ್ನು ಹೇಳುವುದಿಲ್ಲ. ಆದ್ದರಿಂದ ಅಂಚಿನ ಕೆಲವು ಸಾಲುಗಳನ್ನು ದಾಟಿ ಒಳಹೋಗಿ, ಹೊಲದ ಉದ್ದಕ್ಕೂ ಓರೆಕೋರೆಯಾಗಿ ನಡೆದು, ಮೊದಲೇ ಗೊತ್ತುಮಾಡಿಕೊಂಡಷ್ಟು ಹೆಜ್ಜೆಗೊಮ್ಮೆ ನಿಂತು ಅಳೆಯಬೇಕು. ನಿಂತ ಜಾಗದಲ್ಲಿ ಬೆಳೆ ಬಡವಾಗಿದೆಯೆಂದು ನಾಲ್ಕು ಹೆಜ್ಜೆ ಮುಂದೆ ಸರಿದರೆ ಅಂದಾಜು ಅಷ್ಟರಮಟ್ಟಿಗೆ ಸುಳ್ಳಾಗುತ್ತದೆ.

ಹೊಲ ಒಂದೇ ಸಮನಾಗಿದ್ದರೆ ಐದಾರು ಜಾಗ ಸಾಕು. ಏರುಪೇರಿದ್ದರೆ ಹೆಚ್ಚು ಬೇಕು. ಮಣ್ಣು ಎರಡು ಬಗೆಯಿದ್ದಾಗ ಎರಡನ್ನೂ ಬೇರೆಬೇರೆಯಾಗಿ ಅಂದಾಜು ಮಾಡಿ ವಿಸ್ತೀರ್ಣಕ್ಕೆ ತಕ್ಕಂತೆ ಕೂಡಿಸಬೇಕು. ನಾಲ್ಕು ಎಕರೆಯ ಹೊಲದಲ್ಲಿ ಮೂರು ಎಕರೆ ಎರೆ, ಅಲ್ಲಿ 26 ಕ್ವಿಂಟಲ್; ಒಂದು ಎಕರೆ ಗರಸು, ಅಲ್ಲಿ 14 ಕ್ವಿಂಟಲ್ ಬರುವ ಲಕ್ಷಣವಿದ್ದರೆ ಒಟ್ಟು 92 ಕ್ವಿಂಟಲ್. ಎರಡರ ಸರಾಸರಿ 20 ಎಂದು ನಾಲ್ಕರಿಂದ ಗುಣಿಸಿದರೆ 80 ಬರುತ್ತದೆ. ಹನ್ನೆರಡು ಕ್ವಿಂಟಲ್ ಕಾಗದದ ಮೇಲೆಯೇ ಕಾಣೆಯಾಗುತ್ತದೆ.

ಸರಾಸರಿ ತೆಗೆಯುವ ಕ್ರಮದಲ್ಲೂ ಒಂದು ಸೂಕ್ಷ್ಮವಿದೆ. ಗಿಡ ಒತ್ತಾಗಿರುವಲ್ಲಿ ತೆನೆ ಚಿಕ್ಕದು, ತೆಳುವಾಗಿರುವಲ್ಲಿ ದೊಡ್ಡದು. ಒಂದು ಜಾಗದಲ್ಲಿ 26 ತೆನೆ, ತೆನೆಗೆ 380 ಕಾಳು. ಇನ್ನೊಂದರಲ್ಲಿ 16 ತೆನೆ, ತೆನೆಗೆ 500 ಕಾಳು ಎಂದುಕೊಳ್ಳಿ. ಜಾಗವಾರು ಗುಣಿಸಿದರೆ 9,880 ಮತ್ತು 8,000, ಸರಾಸರಿ 8,940. ತೆನೆಗಳ ಸರಾಸರಿ 21ನ್ನು ಕಾಳುಗಳ ಸರಾಸರಿ 440ರಿಂದ ಗುಣಿಸಿದರೆ 9,240. ಎರಡನೆಯ ದಾರಿಯಲ್ಲಿ ಶೇ 3ಕ್ಕೂ ಮಿಕ್ಕಿದ ಇಳುವರಿ ಸುಮ್ಮನೆ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಮೊದಲು ಜಾಗವಾರು ಗುಣಾಕಾರ, ಸರಾಸರಿ ಕೊನೆಗೆ.

ಕೈಗೆ ಸಿಗದ ತೂಕ

ಹಾಲುಗಾಳಿನ ಹಂತದಲ್ಲಿ ಕಾಳಿನ ಕೊನೆಯ ತೂಕ ಇನ್ನೂ ಹುಟ್ಟಿಯೇ ಇರುವುದಿಲ್ಲ. ಇಲಿನಾಯ್ ವಿಧಾನ ಇದಕ್ಕೆ ಒಂದು ಸ್ಥಿರಾಂಕ ಹಿಡಿಯುತ್ತದೆ: 25.4 ಕಿಲೋದ ಒಂದು ಬುಷೆಲ್‌ಗೆ 90,000 ಕಾಳು, ಅಂದರೆ ಸಾವಿರ ಕಾಳಿಗೆ 282 ಗ್ರಾಂ. ವರ್ಷ ಚೆನ್ನಾಗಿದ್ದರೆ ಬುಷೆಲ್‌ಗೆ 75,000 ಕಾಳೇ ಸಾಕಾಗಬಹುದು, ಕೆಟ್ಟರೆ 1,05,000 ಬೇಕಾಗಬಹುದು. ಸಾವಿರ ಕಾಳಿನ ತೂಕ 339 ಗ್ರಾಂನಿಂದ 242 ಗ್ರಾಂವರೆಗೆ ಓಲಾಡುತ್ತದೆ ಎಂದಾಯಿತು.

ಮೇಲಿನ ಉದಾಹರಣೆಯ ಹೊಲದಲ್ಲೇ ಸಾವಿರ ಕಾಳಿಗೆ 240 ಗ್ರಾಂ ಎಂದರೆ 23.7 ಕ್ವಿಂಟಲ್, 320 ಗ್ರಾಂ ಎಂದರೆ 31.5 ಕ್ವಿಂಟಲ್. ಹಾಗಾಗಿ ಈ ಹಂತದಲ್ಲಿ ‘27.6 ಕ್ವಿಂಟಲ್’ ಎಂಬ ಒಂಟಿ ಉತ್ತರಕ್ಕಿಂತ ‘24ರಿಂದ 31ರೊಳಗೆ’ ಎಂಬ ಉತ್ತರವೇ ಪ್ರಾಮಾಣಿಕ.

ಈ ಅಂತರವನ್ನು ಕಿರಿದುಗೊಳಿಸಲು ಗಿಡದಲ್ಲೇ ಕೆಲವು ಸೂಚನೆಗಳಿವೆ. ತೆನೆಯ ಮಟ್ಟದ ಮತ್ತು ಅದರ ಮೇಲಿನ ಎಲೆಗಳು ಹಸಿರಾಗಿ ಉಳಿದಿದ್ದರೆ ಕಾಳು ತುಂಬುತ್ತದೆ. ಎಲೆ ಅಂಗಮಾರಿ ರೋಗ ತಗುಲಿದ್ದರೆ, ಸಾರಜನಕ ಸಾಲದೆ ಕೆಳಗಿನ ಎಲೆಗಳು ಬೇಗ ಒಣಗಿದ್ದರೆ, ಕಾಂಡ ಕೊಳೆ ಬಂದಿದ್ದರೆ ಕಾಳು ಜೊಳ್ಳಾಗುತ್ತದೆ. ಭಾರತದಲ್ಲಿ ಮೊದಲ ಬಾರಿಗೆ 2018ರಲ್ಲಿ ಶಿವಮೊಗ್ಗದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಸುಳಿಯನ್ನು ತಿಂದರೆ ಎಲೆಯ ನಷ್ಟ, ತೆನೆಗೆ ಹೊಕ್ಕರೆ ನೇರವಾಗಿ ಕಾಳಿನ ನಷ್ಟ. ಅತಿ ಬಿಸಿಯಾದ ರಾತ್ರಿಗಳು ಕಾಳು ತುಂಬುವ ಅವಧಿಯನ್ನೇ ಮೊಟಕು ಮಾಡುತ್ತವೆ. ನೆತ್ತಿಗೆ ಕುಳಿ ಬಿದ್ದ ಮೇಲೆ ತೆನೆಯನ್ನು ಅಡ್ಡಕ್ಕೆ ಮುರಿದು ನೋಡುವುದೂ ಉಪಯುಕ್ತ. ಹಿಟ್ಟಾದ ಭಾಗಕ್ಕೂ ಹಾಲಿರುವ ಭಾಗಕ್ಕೂ ನಡುವಿನ ಗೆರೆ ಎಷ್ಟು ಕೆಳಗಿಳಿದಿದೆ ಎಂಬುದರಿಂದ ಕಾಳು ತುಂಬಲು ಇನ್ನೆಷ್ಟು ದಿನ ಉಳಿದಿದೆ ಎಂದು ತಿಳಿಯುತ್ತದೆ.

ತೂಗಿ ನೋಡುವ ದಾರಿ

ಕಪ್ಪು ಪದರ ಮೂಡಿದ ಮೇಲೆ ಊಹೆಯ ಅಗತ್ಯವಿಲ್ಲ. ಅಳತೆಯ ಜಾಗದ ತೆನೆಗಳನ್ನೆಲ್ಲ ಮುರಿದು, ಸುಲಿದು, ತೂಗಬಹುದು. ತೆನೆಯ ತೂಕದಲ್ಲಿ ಕಾಳಿನ ಪಾಲು ಸಾಮಾನ್ಯವಾಗಿ ಶೇ 80ರ ಆಸುಪಾಸು, ಉಳಿದದ್ದು ಬೆಂಡು. ಆದರೆ ಹಸಿ ಬೆಂಡಿನಲ್ಲಿ ನೀರು ಹೆಚ್ಚಿರುವುದರಿಂದ ಹಸಿ ತೆನೆಯ ತೂಕಕ್ಕೆ ಈ ಪ್ರಮಾಣವನ್ನು ಹಚ್ಚುವುದಕ್ಕಿಂತ ಕಾಳನ್ನು ಬಿಡಿಸಿ ತೂಗುವುದೇ ಸರಿ.

ತೂಗಿದ ಕಾಳಿನಲ್ಲಿ ನೀರೂ ಇರುತ್ತದೆ. ಕಪ್ಪು ಪದರದ ಹೊತ್ತಿಗೆ ತೇವಾಂಶ ಶೇ 30ರಿಂದ 35. ಬೆಂಬಲ ಬೆಲೆಯ ಖರೀದಿಯಲ್ಲಿ ಒಪ್ಪುವ ಮಿತಿ ಶೇ 14. ಲೆಕ್ಕ ಸರಳ: ಹಸಿ ತೂಕವನ್ನು ನೂರರಿಂದ ತೇವಾಂಶ ಕಳೆದ ಸಂಖ್ಯೆಯಿಂದ ಗುಣಿಸಿ 86ರಿಂದ ಭಾಗಿಸಬೇಕು. ಶೇ 30 ತೇವಾಂಶದ 10 ಕಿಲೋ ಕಾಳು ಒಣಗಿದಾಗ 8.14 ಕಿಲೋ ಆಗುತ್ತದೆ. ತೇವಾಂಶ ಅಳೆಯದೆ ಹೇಳಿದ ಇಳುವರಿಯಲ್ಲಿ ಐದರಲ್ಲೊಂದು ಪಾಲು ನೀರೇ ಇರಬಹುದು. ಹೊಲದಲ್ಲಿ ‘ಮೂವತ್ತು ಕ್ವಿಂಟಲ್’ ಎಂದದ್ದು ಮಾರುಕಟ್ಟೆಯ ತಕ್ಕಡಿಯಲ್ಲಿ ಇಪ್ಪತ್ತೈದಕ್ಕೆ ಇಳಿಯುವುದಕ್ಕೆ ಹಲವು ಸಲ ಇದೇ ಕಾರಣ.

ಆಣೆವಾರಿಯಿಂದ ಚೌಕಕ್ಕೆ

ಸರ್ಕಾರದ ಅಂದಾಜಿನ ಚರಿತ್ರೆಯೂ ಕಣ್ಣಳತೆಯಿಂದ ಅಳತೆಯ ಚೌಕದತ್ತ ಸಾಗಿದ ಚರಿತ್ರೆಯೇ. ಬ್ರಿಟಿಷರ ಕಾಲದಲ್ಲಿ ಗ್ರಾಮಾಧಿಕಾರಿ ಬೆಳೆಯನ್ನು ನೋಡಿ ‘ಇಷ್ಟು ಆಣೆ ಬೆಳೆ’ ಎಂದು ಬರೆಯುತ್ತಿದ್ದ. ಸಾಧಾರಣ ಬೆಳೆಗೆ ಕೆಲವು ಪ್ರಾಂತಗಳಲ್ಲಿ 12 ಆಣೆ, ಕೆಲವೆಡೆ 16. ಇದೇ ಆಣೆವಾರಿ. ಕಂದಾಯ ವಿನಾಯಿತಿ ಈ ಆಣೆಗೆ ಗಂಟು ಬಿದ್ದಿದ್ದರಿಂದ ಅಂದಾಜು ಒಬ್ಬರ ಕಣ್ಣಿಗೂ ಮನಸ್ಸಿಗೂ ಒಳಪಟ್ಟಿತ್ತು.

ಬಿಹಾರ ಮತ್ತು ಒರಿಸ್ಸಾ ಪ್ರಾಂತದಲ್ಲಿ ಜೆ.ಎ. ಹಬ್ಬ್ಯಾಕ್ 1920ರ ದಶಕದಲ್ಲಿ ಭತ್ತದ ಗದ್ದೆಗಳಲ್ಲಿ ಯಾದೃಚ್ಛಿಕವಾಗಿ ಆಯ್ದ ಸಣ್ಣ ಸಣ್ಣ ಜಾಗಗಳನ್ನು ಕೊಯ್ದು ತೂಗಿಸಿದರು; ಅವರ ವರದಿ 1927ರಲ್ಲಿ ಬಂತು. ಮುಂದೆ ಪಿ.ಸಿ. ಮಹಾಲನೋಬಿಸ್ ಬಂಗಾಳದಲ್ಲಿ ಮಾದರಿ ಸಮೀಕ್ಷೆಯನ್ನು ದೊಡ್ಡ ಪ್ರಮಾಣಕ್ಕೆ ಒಯ್ದರು. ಸಣ್ಣ ಜಾಗಗಳನ್ನು ಹೆಚ್ಚು ಕಡೆ ಕೊಯ್ಯುವುದು ಅವರ ನಿಲುವು. ಸಣ್ಣ ಜಾಗ ಇಳುವರಿಯನ್ನು ಉಬ್ಬಿಸಿ ತೋರಿಸುತ್ತದೆ, ದೊಡ್ಡ ಆಯತವೇ ಬೇಕು ಎಂದು ಪಿ.ವಿ. ಸುಖಾತ್ಮೆ 1940ರ ದಶಕದಲ್ಲಿ ವಾದಿಸಿದರು.

ಸುಖಾತ್ಮೆಯವರ ವಾದದ ತಿರುಳು ಅಂಚಿನಲ್ಲಿದೆ. ಗೆರೆಯ ಮೇಲೆ ನಿಂತ ಗಿಡ ಒಳಗೋ ಹೊರಗೋ ಎಂಬ ಸಂಶಯ ಬಂದಾಗ ಕೊಯ್ಯುವ ಕೈ ಅದನ್ನು ಒಳಕ್ಕೆ ಸೇರಿಸಿಬಿಡುತ್ತದೆ. ಒಂದು ಮೀಟರ್ ಚೌಕದಲ್ಲಿ ಒಂದು ಚದರ ಮೀಟರಿಗೆ 4 ಮೀಟರ್ ಅಂಚು. ಐದು ಮೀಟರ್ ಚೌಕದಲ್ಲಿ ಒಂದು ಚದರ ಮೀಟರಿಗೆ 0.8 ಮೀಟರ್ ಅಂಚು. ಜಾಗ ದೊಡ್ಡದಾದಂತೆ ಅಂಚಿನ ತಪ್ಪು ಕುಗ್ಗುತ್ತದೆ. ಇಂದು ದೇಶದಲ್ಲಿ ಬಹುತೇಕ ಬೆಳೆಗಳ ಕಟಾವು ಪ್ರಯೋಗಕ್ಕೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಬಳಕೆಯಲ್ಲಿರುವುದಕ್ಕೆ ಈ ವಾದ ಹಿನ್ನೆಲೆ.

ಈ ಚೌಕ 25 ಚದರ ಮೀಟರ್. ಅಲ್ಲಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ಶೇ 24 ತೇವಾಂಶದ 12 ಕಿಲೋ ಕಾಳು ಸಿಕ್ಕಿತೆನ್ನಿ. ಒಣಗಿದ ಲೆಕ್ಕದಲ್ಲಿ ಅದು 10.6 ಕಿಲೋ, ಹೆಕ್ಟೇರಿಗೆ 42.4 ಕ್ವಿಂಟಲ್, ಎಕರೆಗೆ 17.2 ಕ್ವಿಂಟಲ್. ಮೆಕ್ಕೆಜೋಳದಂಥ ಅಗಲ ಸಾಲಿನ ಬೆಳೆಯಲ್ಲಿ ಇಲ್ಲೊಂದು ತೊಡಕಿದೆ. 60 ಸೆಂ.ಮೀ. ಅಂತರದಲ್ಲಿ ಐದು ಮೀಟರಿಗೆ ಎಂಟು ಸಾಲು ಹಿಡಿದು ಇನ್ನೂ ಸ್ವಲ್ಪ ಉಳಿಯುತ್ತದೆ. ಗೂಟ ಹೊಡೆದ ಜಾಗದ ಮೇಲೆ ಚೌಕದೊಳಗೆ ಎಂಟು ಬೀಳಬಹುದು, ಒಂಬತ್ತೂ ಬೀಳಬಹುದು. ಎಂಟಕ್ಕಿಂತ ಒಂಬತ್ತು ಶೇ 12.5ರಷ್ಟು ಹೆಚ್ಚು. ಗೂಟದ ಜಾಗವನ್ನು ಯಾದೃಚ್ಛಿಕ ಸಂಖ್ಯೆಗೆ ಬಿಟ್ಟಾಗ ಹಲವು ಪ್ರಯೋಗಗಳಲ್ಲಿ ಈ ಹೆಚ್ಚುಕಡಿಮೆ ಸಮವಾಗುತ್ತದೆ. ಸಾಲು ನೋಡಿ ಗೂಟ ಸರಿಸಿದರೆ ಆಗುವುದಿಲ್ಲ.

ಈ ಶೇಕಡಾವಾರು ಅಂಕಿಗಳ ಹಿಂದೆ ಹಣವಿದೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪ್ರದೇಶವಾರು ಪರಿಹಾರ ನಿಲ್ಲುವುದು ಕಟಾವು ಪ್ರಯೋಗಗಳ ಸರಾಸರಿಯ ಮೇಲೆ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯನ್ನು ಆ ಬೆಳೆಗೆ ಗೊತ್ತುಪಡಿಸಿದ ನಷ್ಟಭರ್ತಿ ಮಟ್ಟದಿಂದ ಗುಣಿಸಿ ಹೊಸ್ತಿಲ ಇಳುವರಿ ನಿಗದಿ ಮಾಡುತ್ತಾರೆ. ಹೊಸ್ತಿಲು ಹೆಕ್ಟೇರಿಗೆ 40 ಕ್ವಿಂಟಲ್ ಇದ್ದು ಪ್ರಯೋಗದಲ್ಲಿ 30 ಬಂದರೆ ವಿಮಾ ಮೊತ್ತದ ಶೇ 25 ಪರಿಹಾರ. 40 ದಾಟಿದರೆ ಏನೂ ಇಲ್ಲ. ಕರ್ನಾಟಕದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಉಸ್ತುವಾರಿಯಲ್ಲಿ ನಡೆಯುವ ಈ ಪ್ರಯೋಗಗಳ ಚಿತ್ರ, ಜಾಗದ ಅಕ್ಷಾಂಶ ರೇಖಾಂಶಗಳನ್ನು ಈಗ ಮೊಬೈಲ್ ಆ್ಯಪಿನಲ್ಲಿ ದಾಖಲಿಸಲಾಗುತ್ತದೆ. ಇಲ್ಲಿ ಸಿಗುವುದು ಒಂದು ಪಂಚಾಯಿತಿ ಅಥವಾ ಹೋಬಳಿಯ ಸರಾಸರಿ. ಅದರೊಳಗಿನ ಒಬ್ಬ ರೈತರ ಹೊಲ ಅದಕ್ಕಿಂತ ಮೇಲೂ ಇರಬಹುದು, ಕೆಳಗೂ ಇರಬಹುದು.

ಮೇಲಿನಿಂದ ನೋಡಿದಾಗ

ಜಿಲ್ಲೆ, ರಾಜ್ಯ, ದೇಶದ ಮಟ್ಟದಲ್ಲಿ ಹೊಲಹೊಲಕ್ಕೂ ಹೋಗಲಾಗದು. 2012ರಲ್ಲಿ ದೆಹಲಿಯಲ್ಲಿ ಆರಂಭವಾದ ಮಹಾಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರ ಹವಾಮಾನದ ಅಂಕಿಅಂಶ, ಉಪಗ್ರಹ ಚಿತ್ರ ಮತ್ತು ಹೊಲದ ಮಾಹಿತಿಯನ್ನು ಸೇರಿಸಿ ಮುಖ್ಯ ಬೆಳೆಗಳ ಮುನ್ನಂದಾಜು ಕೊಡುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಗೆಂಪನ್ನು ಹಿಂದಕ್ಕೆ ಚೆಲ್ಲುತ್ತದೆ. ಈ ಎರಡರ ವ್ಯತ್ಯಾಸದಿಂದ ಬೆಳೆಯ ಹಸಿರಿನ ಸೂಚ್ಯಂಕ ಸಿದ್ಧವಾಗುತ್ತದೆ. ಹಿಂದಿನ ವರ್ಷಗಳ ಸೂಚ್ಯಂಕ ಮತ್ತು ಇಳುವರಿಯ ಸಂಬಂಧವನ್ನು ಈ ವರ್ಷಕ್ಕೆ ಹೊಂದಿಸುವುದು ಇಲ್ಲಿನ ಕ್ರಮ.

ಮೆಕ್ಕೆಜೋಳಕ್ಕೆ ಇದರ ಮಿತಿಗಳು ಸ್ಪಷ್ಟ. ಮುಂಗಾರಿನಲ್ಲಿ ಮೋಡ ಕವಿದಿರುತ್ತದೆ, ಹಾಗಾಗಿ ಮೋಡದಾಚೆಗೂ ಕಾಣಬಲ್ಲ ರೇಡಾರ್ ಉಪಗ್ರಹ ಬೇಕು. ಇಸ್ರೊ 2022ರಲ್ಲಿ ಹಾರಿಸಿದ ಇಒಎಸ್-04 ಇಂಥದ್ದು. ಹಿಡುವಳಿ ಚಿಕ್ಕದಾಗಿ, ಪಕ್ಕದಲ್ಲಿ ಹತ್ತಿಯೋ ನಡುವೆ ತೊಗರಿಯೋ ಇದ್ದರೆ ಚಿತ್ರದ ಒಂದೇ ಬಿಂದುವಿನಲ್ಲಿ ಎರಡು ಬೆಳೆ ಬೆರೆಯುತ್ತವೆ. ಎಲೆ ದಟ್ಟವಾದ ಮೇಲೆ ಹಸಿರಿನ ಸೂಚ್ಯಂಕ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲೆ ಹಸಿರಾಗಿದ್ದೂ ಪರಾಗಸ್ಪರ್ಶ ಕೆಟ್ಟು ತೆನೆ ಬೋಳಾಗಿರುವುದು ಮೇಲಿನಿಂದ ಕಾಣುವುದಿಲ್ಲ. ಬಿತ್ತನೆಯ ವಿಸ್ತೀರ್ಣವನ್ನು ಹೇಳುವುದರಲ್ಲಿ ಉಪಗ್ರಹ ಬಲವಾದದ್ದು. ಕಾಳಿನ ಲೆಕ್ಕಕ್ಕೆ ನೆಲದ ಎಣಿಕೆಯ ಆಧಾರ ಬೇಕೇ ಬೇಕು. ಒಟ್ಟು ಉತ್ಪಾದನೆ ವಿಸ್ತೀರ್ಣ ಮತ್ತು ಇಳುವರಿಯ ಗುಣಾಕಾರವಾದ್ದರಿಂದ ಎರಡೂ ಒಂದಕ್ಕೊಂದು ಪೂರಕ. ಅಮೆರಿಕದ ಕೃಷಿ ಇಲಾಖೆಯೂ ಉಪಗ್ರಹ ಚಿತ್ರಗಳ ಜೊತೆಗೆ ಆಯ್ದ ಹೊಲಗಳಲ್ಲಿ ಹದಿನೈದು ಅಡಿ ಉದ್ದದ ಸಾಲುಗಳನ್ನು ಅಳೆದು ತೆನೆ ಎಣಿಸುವುದನ್ನು ಬಿಟ್ಟಿಲ್ಲ.

ಹೊಲದ ಲೆಕ್ಕ, ಚೀಲದ ಲೆಕ್ಕ

ಎಣಿಕೆ ಎಷ್ಟೇ ಸರಿಯಾಗಿದ್ದರೂ ಅದು ಗಿಡದ ಮೇಲಿರುವ ಬೆಳೆಯದು. ಗಾಳಿಗೆ ಬಿದ್ದ ಗಿಡ, ಕೊಯ್ಲಿನಲ್ಲಿ ತಪ್ಪಿದ ತೆನೆ, ಗಿಳಿ ಮತ್ತು ಕಾಡುಹಂದಿ ತಿಂದದ್ದು, ಸುಲಿಯುವ ಯಂತ್ರದಲ್ಲಿ ಒಡೆದ ಕಾಳು, ಬೂಷ್ಟು ಹಿಡಿದು ಬೇರ್ಪಡಿಸಿದ್ದು ಎಲ್ಲವೂ ಚೀಲ ತುಂಬುವ ಮೊದಲು ಕಳೆಯುತ್ತವೆ. ಆದ್ದರಿಂದ ಅಂದಾಜನ್ನು ವ್ಯವಹಾರಕ್ಕೆ ಬಳಸುವಾಗ ಈ ನಷ್ಟಕ್ಕೆ ಒಂದಿಷ್ಟು ಬಿಟ್ಟೇ ಲೆಕ್ಕ ಹಾಕಬೇಕು.

ಒಂದೇ ಹೊಲವನ್ನು ಮೂರು ಹಂತಗಳಲ್ಲಿ ನೋಡುವುದು ಉತ್ತಮ ಕ್ರಮ. ಹಾಲುಗಾಳಿನಲ್ಲಿ ತೆನೆ ಮತ್ತು ಕಾಳಿನ ಎಣಿಕೆ, ಕುಳಿ ಬಿದ್ದಾಗ ಎಲೆ ಮತ್ತು ಕಾಳಿನ ಸ್ಥಿತಿಯ ಪರಿಶೀಲನೆ, ಕಪ್ಪು ಪದರದ ಬಳಿಕ ತೂಕ ಮತ್ತು ತೇವಾಂಶ. ಕಟಾವಾದ ಮೇಲೆ ಬಂದ ನಿಜವಾದ ತೂಕವನ್ನು ಅಂದಾಜಿನ ಪಕ್ಕದಲ್ಲೇ ಬರೆದಿಟ್ಟುಕೊಂಡರೆ, ಎರಡು ಮೂರು ಹಂಗಾಮುಗಳಲ್ಲಿ ಆ ಹೊಲಕ್ಕೂ ಆ ತಳಿಗೂ ಸಲ್ಲುವ ಸಾವಿರ ಕಾಳಿನ ತೂಕ ಗೊತ್ತಾಗುತ್ತದೆ. ಆಗ ಇಲಿನಾಯ್‌ನ 282 ಗ್ರಾಂ ಬದಲು ಆ ಹೊಲದ್ದೇ ಆದ ಅಂಕಿ ಲೆಕ್ಕಕ್ಕೆ ಒದಗುತ್ತದೆ, ಅಂದಾಜಿನ ಅಂತರವೂ ಅಷ್ಟರಮಟ್ಟಿಗೆ ಕಿರಿದಾಗುತ್ತದೆ.